ಮೇಲಿನ ಹೊಲದವರಿಗೆ ನಮಸ್ಕಾರ

ದೊಡ್ಡಬಳ್ಳಾಪುರ ತಾಲ್ಲೂಕಿನ ನಮ್ಮೂರ ಕೆರೆ ಈ ಹಿಂಗಾರಿನಲ್ಲಿ ಕೋಡಿ ಬಿದ್ದಿದೆ. ಕಳೆದ ಭಾನುವಾರ ಬಾಗಿನ ಅರ್ಪಿಸಿದೆವು. ಬೆಂಗಳೂರಿನಲ್ಲಿ ನೆಲೆಸಿರುವ ನಮ್ಮಂಥವರೂ ಮಕ್ಕಳು ಮರಿಗಳೊಂದಿಗೆ ಹೋಗಿದ್ದೆವು. ಏರಿಯ ಮೇಲೆ ಶಾಮಿಯಾನ, ಹಾರ, ಭಾಷಣ ಎಲ್ಲವೂ ಆದವು. ಆದರೆ ಈ ಕೆರೆ ತುಂಬಲು ದುಡಿದವರಲ್ಲಿ ಹೆಚ್ಚಿನವರು ವೇದಿಕೆಯ ಮೇಲಿರಲಿಲ್ಲ. ಅವರ ಹೊಲಗಳಿರುವುದು ಗುಡ್ಡದ ಬುಡದಲ್ಲಿ. ಕೆರೆಯ ಒಂದು ಹನಿ ನೀರೂ ಅಲ್ಲಿಗೆ ಹತ್ತುವುದಿಲ್ಲ. ಈ ಕೃತಜ್ಞತೆ ಮೊದಲು ಅವರಿಗೆ ಸಲ್ಲಬೇಕು.

ಒಂದು ಎಕರೆಯ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ ಸುಮಾರು 40 ಸಾವಿರ ಲೀಟರ್ ನೀರು. ಇಳಿಜಾರಿನ ಕೆಂಪು ಮಣ್ಣಿನಲ್ಲಿ ಅದಕ್ಕೆ ತಡೆಯಿಲ್ಲದಿದ್ದರೆ ಮೇಲ್ಮಣ್ಣನ್ನೂ ಹಾಕಿದ ಗೊಬ್ಬರವನ್ನೂ ಬಾಚಿಕೊಂಡೇ ಇಳಿಯುತ್ತದೆ. ನಮ್ಮ ಕೆರೆಯಲ್ಲಿ ಹೂಳು ತುಂಬಿದ್ದು ಹಾಗೆ. ಹೂಳೆತ್ತಿಸಿದರೂ ಮೇಲಿನ ಮಣ್ಣು ನಿಲ್ಲದಿದ್ದರೆ ಮತ್ತೆ ಅದೇ ಪಾಡು. ಆದ್ದರಿಂದ ಕೆಲಸ ಗುಡ್ಡದಿಂದಲೇ ಶುರುವಾಗಬೇಕಿತ್ತು. ಎಕರೆ, ಒಂದೂವರೆ ಎಕರೆಯಲ್ಲಿ ವರ್ಷದ ರಾಗಿ ಬೆಳೆದುಕೊಳ್ಳುವವರಿಗೆ ಕಂದಕಕ್ಕೆ, ಬದುವಿಗೆ ಬಿಟ್ಟುಕೊಡುವ ಪ್ರತಿ ಮೊಳವೂ ನಷ್ಟವೇ. ಆದರೂ ಅವರು ಬಿಟ್ಟುಕೊಟ್ಟರು.

ಬದುವಿನ ಗೆರೆ ಹಾಕಿದ್ದು ಉದ್ಯೋಗ ಖಾತ್ರಿಯ ಕೆಲಸಕ್ಕೆ ಬರುತ್ತಿದ್ದ ಅಕ್ಕಂದಿರು. ನೀರು ತುಂಬಿದ ಪಾರದರ್ಶಕ ಪೈಪಿನ ಎರಡು ತುದಿಗಳನ್ನು ಇಬ್ಬರು ಎರಡು ಕೋಲಿಗೆ ಕಟ್ಟಿ ಹಿಡಿಯುತ್ತಿದ್ದರು. ಒಬ್ಬಾಕೆ ನಿಂತಲ್ಲೇ ನಿಂತರೆ ಇನ್ನೊಬ್ಬಾಕೆ ಇಳಿಜಾರಿನಲ್ಲಿ ಹೆಜ್ಜೆ ಹಿಂದೆ ಮುಂದೆ ಇಟ್ಟು, ಎರಡೂ ಕಡೆ ನೀರು ಒಂದೇ ಗುರುತಿಗೆ ಬಂದು ನಿಂತ ಕೂಡಲೇ "ಹಾಕು" ಎನ್ನುತ್ತಿದ್ದರು. ಮೂರನೆಯಾಕೆ ಅಲ್ಲಿ ಸುಣ್ಣದ ಪುಡಿ ಹಾಕುತ್ತಿದ್ದರು. ಗುಡ್ಡದ ಮೈಗೆ ತಕ್ಕಂತೆ ಬಾಗಿ ಬಳುಕಿ ಹೋದ ಆ ಬಿಳಿ ಗೆರೆಯ ಮೇಲೆ ಕಟ್ಟಿದ ಬದುಗಳು ಈ ಸಲದ ಬಿರುಮಳೆಗೆ ಎಲ್ಲಿಯೂ ಒಡೆಯಲಿಲ್ಲ. ಕೂಲಿ ಹಣ ತಡವಾದಾಗಲೂ ಅವರು ಕೆಲಸ ಬಿಡಲಿಲ್ಲ. ಆ ಋಣ ದೊಡ್ಡದು.

ಕೆರೆ ನೀರನ್ನು ಹೊಲಗಳಿಗೆ ಹಂಚುವ ನಮ್ಮೂರ ನೀರಗಂಟಿ ತಾತನಿಗೆ ಪ್ರತ್ಯೇಕ ನಮಸ್ಕಾರ. "ಮಳೆಯೆಲ್ಲ ಮೇಲೆಯೇ ಹಿಡಿದಿಟ್ಟರೆ ಕೆರೆಗೇನು ಬರುತ್ತದೆ?" ಎಂದು ಮೊದಲ ಸಭೆಯಲ್ಲೇ ಕೇಳಿದವರು ಅವರು. ಅಡ್ಡಿ ಮಾಡುತ್ತಿದ್ದಾರೆ ಎಂದು ಕೆಲವರು ಗೊಣಗಿದರು. ಆದರೆ ಅದು ಕೇಳಲೇಬೇಕಾದ ಪ್ರಶ್ನೆ. ಹಳ್ಳದುದ್ದಕ್ಕೂ ತಡೆ ಕಟ್ಟುತ್ತ ಹೋದರೆ ಕೆಳಗಿನ ಕೆರೆ ಒಣಗುತ್ತದೆ. ಅವರ ಮಾತಿನಿಂದಲೇ ಪ್ರತಿ ಬದುವಿಗೂ ಕಲ್ಲು ಹಾಸಿದ ಪುಟ್ಟ ಕೋಡಿ ಬಂತು, ಕೆರೆಗೆ ನೀರು ತರುವ ರಾಜಕಾಲುವೆಗೆ ಅಡ್ಡಲಾಗಿ ಏನನ್ನೂ ಕಟ್ಟಬಾರದೆಂದು ತೀರ್ಮಾನವಾಯಿತು. ಮಣ್ಣು ಮೇಲೆ ಉಳಿಯಿತು, ಹೆಚ್ಚಿನ ನೀರು ಕೆಳಗೆ ಇಳಿಯಿತು. ಕಾಲುವೆಯ ಜಾಲಿ, ಲಂಟಾನ ಕಡಿಸುವಾಗಲೂ ನೀರಿನ ಹಳೆಯ ದಾರಿ ತೋರಿಸಿದ್ದು ಅವರೇ.

ಕೆರೆಯ ಮೇಲ್ಭಾಗದ ನೀಲಗಿರಿ ತೋಪನ್ನು ತೆಗೆಸಿದ ಅಣ್ಣ ತಮ್ಮಂದಿರನ್ನು ಹೇಗೆ ಮರೆಯಲಿ? ಹೊಸದಾಗಿ ನೀಲಗಿರಿ ನೆಡುವುದನ್ನು ಸರ್ಕಾರ 2017ರಲ್ಲೇ ನಿಷೇಧಿಸಿದರೂ ಹಳೆಯ ತೋಪುಗಳು ಹಾಗೆಯೇ ಇವೆ; ಕಡಿದರೆ ಬುಡದಿಂದ ಮತ್ತೆ ಚಿಗುರುತ್ತವೆ. ಆಳು ಕಾಳಿಲ್ಲದೆ ಬರುತ್ತಿದ್ದ ಆದಾಯವದು. ಅದನ್ನು ಬಿಟ್ಟು, ಬುಡ ಕೀಳಿಸಿ, ಈಗ ರಾಗಿಯ ಜೊತೆ ಅವರೆ, ತೊಗರಿ ಹಾಕಿದ್ದಾರೆ. ಬದುವಿನ ಮೇಲೆ ಹೊಂಗೆ, ಹುಣಸೆ ಸಸಿಗಳಿವೆ. ಅವುಗಳ ಹತ್ತಿರ ಮೇಕೆ ಸುಳಿಯದಂತೆ ನೋಡಿಕೊಂಡ ಕುರಿಗಾಹಿ ಹುಡುಗರಿಗೂ ವಂದನೆ.

ಹಣ ಕೊಟ್ಟ ಯಶವಂತಪುರ, ರಾಜಾಜಿನಗರದ ಗೆಳೆಯರಿಗೆ, ಬದುವಿಗೆ ಯಾವ ಹುಲ್ಲು ಹಿಡಿಯುತ್ತದೆ ಎಂದು ಕೇಳಿದಾಗಲೆಲ್ಲ ತಾಳ್ಮೆಯಿಂದ ತಿಳಿಸಿದ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ (ಜಿಕೆವಿಕೆ) ವಿಜ್ಞಾನಿಗಳಿಗೆ, ಡೀಸೆಲ್ ಖರ್ಚು ಮಾತ್ರ ಪಡೆದ ಜೆಸಿಬಿ ಚಾಲಕರಿಗೆ ಧನ್ಯವಾದ. ನಗರದ ಗೆಳೆಯರಲ್ಲಿ ಒಂದು ಮಾತು: ಇದನ್ನು ಹಳ್ಳಿಗೆ ಮಾಡಿದ ಉಪಕಾರವೆಂದು ಭಾವಿಸಬೇಡಿ. 1894ರಲ್ಲಿ ಬೆಂಗಳೂರಿಗೆಂದೇ ಕಟ್ಟಿದ ಹೆಸರಘಟ್ಟ ಕೆರೆಗೆ ನೀರು ಇಳಿಯಬೇಕಾದ ಅರ್ಕಾವತಿ ನದಿಯ ಹರವು ಇದೇ. ಈ ಊರುಗಳ ಮಳೆಯನ್ನು ನಮ್ಮ ಅಜ್ಜ ಅಜ್ಜಿಯರು ನಲ್ಲಿಯಲ್ಲಿ ಹಿಡಿದು ಕುಡಿದಿದ್ದಾರೆ.

ಬಾಗಿನದ ಮರುದಿನ ಕೆರೆಯ ಕೆಳಗಿನ ಅಚ್ಚುಕಟ್ಟಿನ ರೈತರು ಅರಳಿಕಟ್ಟೆಯಲ್ಲಿ ಸೇರಿ ಒಂದು ನಿರ್ಧಾರ ಮಾಡಿದ್ದಾರೆ. ರಾಗಿ ಒಕ್ಕಣೆ ಮುಗಿದ ಮೇಲೆ ಮೇಲಿನ ಹೊಲಗಳ ಬದು ದುರಸ್ತಿಗೆ ಕೆರೆ ನೀರು ಪಡೆಯುವ ಪ್ರತಿ ಮನೆಯಿಂದ ಒಬ್ಬರು ಆಳಾಗಿ ಹೋಗಬೇಕು, ಊಟವೂ ಕೆಳಗಿನವರದೇ. ನಾವು ಬೆಂಗಳೂರಿನವರೂ ಅಂದು ಬರುತ್ತೇವೆ.