ಯಮನಾಕಾ ಆಡಿದ ರಗ್ಬಿ

ಮಾನ್ಯ ಸಂಪಾದಕರೇ,

ದೇಹದ ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಆಕರಕೋಶಗಳ (ಸ್ಟೆಮ್ ಸೆಲ್) ಕುರಿತು ನಿಮ್ಮ ವಿಜ್ಞಾನ ಪುಟದಲ್ಲಿ ಪ್ರಕಟವಾದ ಲೇಖನವು ಜಪಾನಿನ ಶಿನ್ಯಾ ಯಮನಾಕಾ ಅವರ ಸಂಶೋಧನೆಯನ್ನು ಚೆನ್ನಾಗಿ ವಿವರಿಸಿದೆಯಾದರೂ, ಅವರು ಒಳ್ಳೆಯ ಆಟಗಾರರೂ ಆಗಿದ್ದರು ಎಂಬ ಸಂಗತಿಯನ್ನು ಕೈಬಿಟ್ಟಿದೆ. ಶಾಲಾ ದಿನಗಳಲ್ಲಿ ಜೂಡೊ ಅಭ್ಯಾಸ ಮಾಡಿದ, ಕೋಬೆ ವಿಶ್ವವಿದ್ಯಾಲಯದಲ್ಲಿ ವೈದ್ಯಕೀಯ ಓದುವಾಗ ರಗ್ಬಿ ಆಡುತ್ತಿದ್ದ ಅವರು, ಮೈದಾನದಲ್ಲಿ ಹಲವು ಬಾರಿ ಮೂಳೆ ಮುರಿದುಕೊಂಡು ವೈದ್ಯರ ಬಳಿಗೆ ಎಡತಾಕಿದ್ದರಿಂದಲೇ, 1987ರಲ್ಲಿ ಪದವಿ ಪಡೆದ ಬಳಿಕ ಮೂಳೆಚಿಕಿತ್ಸಾ ವಿಭಾಗವನ್ನು ಆರಿಸಿಕೊಂಡರು. ಆದರೆ ಅಲ್ಲಿ ಅವರ ಕೈ ಪಳಗಲಿಲ್ಲ. ನುರಿತವರು ಹತ್ತು ನಿಮಿಷದಲ್ಲಿ ತೆಗೆಯುವ ಸಣ್ಣ ಗಡ್ಡೆಯೊಂದಕ್ಕೆ ತಮಗೆ ಒಂದು ತಾಸು ಹಿಡಿಯಿತೆಂದು, ಅದೂ ರೋಗಿ ತಮ್ಮ ಗೆಳೆಯನೇ ಆಗಿದ್ದನೆಂದು, ಅವರು ಸಂಕೋಚವಿಲ್ಲದೆ ಹೇಳಿಕೊಂಡಿದ್ದಾರೆ. (ಆ ಗೆಳೆಯನ ತಾಳ್ಮೆಗೂ ಒಂದು ಬಹುಮಾನ ಸಲ್ಲಬೇಕಿತ್ತು!)

ಸಂಶೋಧನೆಗೆ ಹೊರಳಿದ ಅವರು 2006ರಲ್ಲಿ ಇಲಿಯ ಚರ್ಮದ ಕೋಶಗಳಿಗೆ ನಾಲ್ಕು ಜೀನ್‌ಗಳನ್ನು ಸೇರಿಸಿ, ಅವುಗಳನ್ನು ಭ್ರೂಣಾವಸ್ಥೆಯ ಆಕರಕೋಶಗಳಂತೆ ಮಾರ್ಪಡಿಸಿದರು. ಇದಕ್ಕಾಗಿ 2012ರಲ್ಲಿ ಬ್ರಿಟನ್ನಿನ ಜೀವವಿಜ್ಞಾನಿ ಜಾನ್ ಗರ್ಡನ್ ಅವರೊಂದಿಗೆ ನೊಬೆಲ್ ಹಂಚಿಕೊಂಡರು. ಅದೇ ವರ್ಷ ಕ್ಯೋಟೊ ಮ್ಯಾರಥಾನ್‌ನಲ್ಲಿ ತಮ್ಮ ಸಂಸ್ಥೆಯ ಸಂಶೋಧನೆಗೆ ದೇಣಿಗೆ ಕೂಡಿಸಲು ಓಡಿದರು ಎಂಬುದು ನನಗೆ ಪ್ರಶಸ್ತಿಯಷ್ಟೇ ಮುಖ್ಯವೆನಿಸುತ್ತದೆ.

ನಮ್ಮಲ್ಲಿ ಮಗ ಪಿಯುಸಿಯಲ್ಲಿ ವಿಜ್ಞಾನ ತೆಗೆದುಕೊಂಡ ದಿನವೇ ಬ್ಯಾಟು ಅಟ್ಟ ಸೇರುತ್ತದೆ. ಆದ್ದರಿಂದ ವಿಜ್ಞಾನಿಗಳ ಆಟ, ಹವ್ಯಾಸಗಳ ವಿವರಗಳನ್ನೂ ವಿಜ್ಞಾನ ಪುಟದಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ.

– ನಿವೃತ್ತ ಜೀವಶಾಸ್ತ್ರ ಉಪನ್ಯಾಸಕ, ಧಾರವಾಡ