ಬಸ್ ಹತ್ತುವ ಮೊದಲು ಓದು

ಪ್ರೀತಿಯ ಮಗಳೇ,

ನಿನ್ನೆ ಊಟದ ಹೊತ್ತಿಗೆ ನಿನ್ನ ಪರೀಕ್ಷೆಯ ಮಾತಿಗೆ ಆದ ಜಗಳವನ್ನು ಮತ್ತೆ ಬರೆಯುವುದಿಲ್ಲ. ನಿನಗೂ ಗೊತ್ತು, ನನಗೂ ಗೊತ್ತು, ಪಕ್ಕದ ಮನೆಯವರಿಗೂ ಬಹುಶಃ ಗೊತ್ತಾಗಿದೆ. ಇವತ್ತು ರಾತ್ರಿ ಪಾಳಿಗೆ ಬದಲಿಯಾಗಿ ಯಾರೂ ಸಿಗಲಿಲ್ಲ. ಬೆಂಗಳೂರಿನ ಮಾತು ಹಾಗಿರಲಿ, ಬಿಜೈ ಬಸ್ ನಿಲ್ದಾಣದ ತನಕವೂ ನಿನ್ನ ಜೊತೆ ಬರಲು ಆಗುವುದಿಲ್ಲ. ಅದಕ್ಕೆ ಕ್ಷಮಿಸು. ಹೇಳಬೇಕಾದದ್ದನ್ನು ಬರೆದು ನಿನ್ನ ಕಡತದಲ್ಲಿ ಇಡುತ್ತಿದ್ದೇನೆ.

"ಅಮ್ಮಾ, ಅದು ಎನ್‌ಕ್ಲೆಕ್ಸ್, ಅಮೆರಿಕದಲ್ಲಿ ನರ್ಸ್ ಆಗಲು ಬರೆಯುವ ಪರೀಕ್ಷೆ, ನಿಮ್ಮ ವಾರ್ಡ್ ಅಲ್ಲ" ಎಂದೆಯಲ್ಲ, ಸರಿ. ಆದರೆ 2023ರ ಏಪ್ರಿಲ್‌ನಲ್ಲಿ ಬದಲಾದ ಮೇಲೆ ಆ ಪರೀಕ್ಷೆ ವಾರ್ಡಿನ ಹತ್ತಿರವೇ ಬಂದಿದೆ. ನೀನು ಅಭ್ಯಾಸ ಮಾಡುವಾಗ ಬೆನ್ನ ಹಿಂದೆ ನಿಂತು ನೋಡಿದ್ದೇನೆ. ಒಬ್ಬ ರೋಗಿ, ನರ್ಸ್ ಬರೆದ ಟಿಪ್ಪಣಿ, ರಕ್ತದ ವರದಿ, ಗಂಟೆಗಂಟೆಯ ನಾಡಿ; ಅದರ ಮೇಲೆ ಆರು ಪ್ರಶ್ನೆ. ಯಾವ ಸುಳಿವು ಲೆಕ್ಕಕ್ಕೆ ಬರುತ್ತದೆ, ಅದರ ಅರ್ಥವೇನು, ಮೊದಲು ಯಾವುದನ್ನು ಹಿಡಿಯಬೇಕು, ಏನೇನು ಮಾಡಬಹುದು, ಏನು ಮಾಡುತ್ತೀಯ, ಮಾಡಿದ್ದರಿಂದ ಗುಣ ಕಂಡಿತೇ. ನನ್ನ ಕಾಲದಲ್ಲಿ ಇವಕ್ಕೆ ಯಾರೂ ಹೆಸರಿಟ್ಟಿರಲಿಲ್ಲ, ಅಷ್ಟೇ.

ಮಲ್ಪೆಯ ಆ ಮೀನುಗಾರನ ಕಥೆ ಕೇಳಿ ಕೇಳಿ ನಿನಗೆ ಸಾಕಾಗಿದೆ. ಆದರೂ ಕೇಳು, ಅವನು ಬದುಕಿದ ಎಂಬುದನ್ನು ಬಿಟ್ಟು ಬೇರೇನೂ ನಿನ್ನ ತಲೆಯಲ್ಲಿ ಉಳಿದಿಲ್ಲ. ಹೊಟ್ಟೆಯ ಆಪರೇಷನ್ ಆಗಿ ಸಂಜೆ ವಾರ್ಡಿಗೆ ಬಂದವನು. ರಾತ್ರಿ ಹನ್ನೊಂದಕ್ಕೆ ಬಿಪಿ 118/76. ಬ್ಯಾಂಡೇಜಿನಲ್ಲಿ ಒಂದು ಹನಿ ರಕ್ತವಿಲ್ಲ. ಚಾರ್ಟ್ ಮಾತ್ರ ನೋಡಿದವರು ಮುಂದಿನ ಹಾಸಿಗೆಗೆ ಹೋಗುತ್ತಿದ್ದರು. ಅವನು ಹೊದಿಕೆಯ ಅಂಚನ್ನು ಬೆರಳಿಗೆ ಸುತ್ತುತ್ತಿದ್ದ, ಬಿಚ್ಚುತ್ತಿದ್ದ, ಮತ್ತೆ ಸುತ್ತುತ್ತಿದ್ದ. ನೀರು ಕೇಳಿದ. ಬೋಟಿಗೆ ಹೊತ್ತಾಯಿತು ಎಂದು ಏಳಲು ನೋಡಿದ. ನೋವಿಗೆ ಹಾಗೆ ಮಾಡುತ್ತಾನೆ, ಒಂದು ಇಂಜೆಕ್ಷನ್ ಕೊಡಿ ಎಂದರು ಅವನ ಕಡೆಯವರು. ನಾಡಿ ಹಿಡಿದೆ. ಸಂಜೆ 88 ಇದ್ದದ್ದು 112 ಆಗಿತ್ತು, ಸ್ವಲ್ಪ ಹೊತ್ತಿಗೆ 124. ಮೂತ್ರ ಗಂಟೆಗೆ 30 ಮಿಲಿಲೀಟರ್ ಆದರೂ ಬರಬೇಕು, ಚೀಲಕ್ಕೆ ಇಳಿದದ್ದು 15. ಅಂಗೈ ತಣ್ಣಗೆ, ಹಣೆಯಲ್ಲಿ ಬೆವರು. ಒಳಗೆ ರಕ್ತ ಸೋರುವಾಗ ದೇಹ ನಾಡಿಯನ್ನು ಏರಿಸಿ, ಕೈಕಾಲಿನ ರಕ್ತನಾಳಗಳನ್ನು ಬಿಗಿದು ಬಿಪಿಯನ್ನು ಕಾಪಾಡಿಕೊಳ್ಳುತ್ತದೆ. ಬಿಪಿ ಬೀಳುವುದು ಆಮೇಲೆ. ಆ ಚಡಪಡಿಸುವ ಬೆರಳುಗಳು ಅದಕ್ಕಿಂತ ಮೊದಲೇ ಹೇಳಿದ್ದವು. ಈಗಲೂ ಯಾರಾದರೂ ಬಸ್ಸಿನಲ್ಲಿ ಸೆರಗಿನ ತುದಿ ಸುತ್ತುತ್ತಾ ಕುಳಿತರೆ ನನಗೆ ಅವರ ನಾಡಿ ನೋಡಬೇಕೆನಿಸುತ್ತದೆ.

ಅವನನ್ನು ಅಂಗಾತ ಮಲಗಿಸಿ ಕಾಲು ಎತ್ತರಿಸಿದೆ, ಆಮ್ಲಜನಕ ಹಾಕಿದೆ, ಡ್ರಿಪ್ ಹರಿಯುತ್ತಿದೆಯೇ ನೋಡಿದೆ, ಆಮೇಲೆ ಫೋನ್ ಮಾಡಿದೆ. "ಬಿಪಿ ಸರಿ ಇದೆಯಲ್ಲ" ಎಂದು ಡಾಕ್ಟರು ಇಟ್ಟುಬಿಟ್ಟರು. ಮತ್ತೆ ಮಾಡಿದೆ. ಈ ಸಲ ಬಿಪಿಯ ಸುದ್ದಿಯನ್ನು ಕೊನೆಗಿಟ್ಟು ನಾಡಿ, ಮೂತ್ರ, ತಣ್ಣನೆಯ ಕೈ, ಬಿಗಿಯುತ್ತಿರುವ ಹೊಟ್ಟೆ ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಬಂದರು. ಬೆಳಗಾಗುವುದರೊಳಗೆ ಅವನು ಮತ್ತೆ ಆಪರೇಷನ್ ಥಿಯೇಟರಿನಲ್ಲಿದ್ದ.

ಇಂಥದ್ದೇ ಪ್ರಶ್ನೆಗೆ ನೀನು ನಿನ್ನೆ 'ವೈದ್ಯರಿಗೆ ತಿಳಿಸುವುದು' ಎಂಬುದನ್ನು ಮೊದಲು ಗುರುತಿಸಿದೆ. ನನ್ನ ಹೊಟ್ಟೆ ತೊಳಸಿದ್ದು ಅಲ್ಲಿ. ಕೇಳಿ ಮಾಡು, ಹೇಳಿದಷ್ಟು ಮಾಡು ಎಂದೇ ನಮ್ಮ ವಾರ್ಡುಗಳು ಕಲಿಸುತ್ತವೆ. ಆ ಪರೀಕ್ಷೆ ಕೇಳುವುದು, ಡಾಕ್ಟರು ಬರುವ ತನಕ ನಿನ್ನ ಕೈಯಲ್ಲಿ ಏನಿದೆ ಎಂದು. ನಿನ್ನಿಂದ ಆಗುವುದೆಲ್ಲ ಮುಗಿದಿದ್ದರೆ ತಿಳಿಸುವುದೇ ಸರಿ. ಮುಂದೆ ಅಮೆರಿಕದ ಯಾವುದೋ ಆಸ್ಪತ್ರೆಯಲ್ಲಿ ಎರಡನೇ ಸಲ ಫೋನ್ ಮಾಡಲು ನೀನು ಹಿಂಜರಿದರೆ ಏನು ಗತಿ ಎಂಬ ಚಿಂತೆ ನನ್ನದು.

ಉಪದೇಶ ಬೇಡವೆಂದುಕೊಂಡೇ ಬರೆಯಲು ಕುಳಿತದ್ದು. ಆದರೂ, ಆಯ್ಕೆಗಳನ್ನು ಓದುವ ಮೊದಲು ರೋಗಿಯನ್ನು ಓದು. ಪ್ರಶ್ನೆಯಲ್ಲಿಲ್ಲದ ಕಾಯಿಲೆಯನ್ನು ನೀನಾಗಿ ಸೇರಿಸಬೇಡ. ಹಳೆಯ ಕಾಯಿಲೆಗಿಂತ ಈ ಗಂಟೆಯಲ್ಲಿ ಬದಲಾದದ್ದೇನು ನೋಡು. ಅನ್ವಯಿಸುವ ಎಲ್ಲವನ್ನೂ ಆರಿಸಿ ಎಂದಲ್ಲಿ ಸಿಕ್ಕಿದ್ದಕ್ಕೆಲ್ಲ ಗುರುತು ಹಾಕಬೇಡ, ತಪ್ಪು ಗುರುತಿಗೆ ಅಂಕ ಕಳೆಯುತ್ತಾರೆ. ದಾಟಿದ ಪ್ರಶ್ನೆಗೆ ಮರಳಲು ಕಂಪ್ಯೂಟರ್ ಬಿಡುವುದಿಲ್ಲ, ನೀನೂ ಮನಸ್ಸಿನಲ್ಲಿ ಮರಳಬೇಡ.

ಅಜ್ಜಿಯ ಸಕ್ಕರೆ ಇಳಿದದ್ದನ್ನು ಅವರ ಬೆವರು, ತೊದಲು ಮಾತು ನೋಡಿಯೇ ಹಿಡಿದವಳು ನೀನು. ಆಗಿನ್ನೂ ಪಿಯುಸಿ. ಅಡುಗೆಮನೆಯಲ್ಲಿದ್ದ ನನಗೆ ಗೊತ್ತೇ ಆಗಿರಲಿಲ್ಲ. ಇದನ್ನು ಊರಿಗೆಲ್ಲ ಹೇಳಿಕೊಂಡು ತಿರುಗಿದ್ದೇನೆ, ನಿನ್ನೆದುರು ಮಾತ್ರ ಹೇಳಿರಲಿಲ್ಲ.

ಪಾಸ್‌ಪೋರ್ಟ್ ಕೈಚೀಲದಲ್ಲೇ ಇರಲಿ, ಬಸ್ಸಿನ ಡಿಕ್ಕಿಗೆ ಹಾಕಬೇಡ. ನೋಂದಣಿಯಲ್ಲಿರುವ ಹೆಸರಿಗೂ ಅದರಲ್ಲಿರುವುದಕ್ಕೂ ಹೊಂದಿಕೆಯಿದೆಯೇ ಇನ್ನೊಮ್ಮೆ ನೋಡು. ಶಿರಾಡಿ ಘಾಟಿಗೆ ಮೊದಲು ವಾಂತಿ ಮಾತ್ರೆ ತೆಗೆದುಕೊಂಡು ಮಲಗು. ಐದು ಗಂಟೆಯ ಪರೀಕ್ಷೆ, ನಿದ್ದೆಗೆಟ್ಟು ಕೂರಬೇಡ. ಕಂಪ್ಯೂಟರ್ ಅದನ್ನು 85ನೇ ಪ್ರಶ್ನೆಗೆ ನಿಲ್ಲಿಸಿದರೂ 150ರ ತನಕ ಎಳೆದರೂ ಪಾಸೋ ಫೇಲೋ ಅದರಿಂದ ಹೇಳಲಾಗದು ಎಂದು ನೀನೇ ಹೇಳಿದ್ದೀಯ. ಮುಗಿದ ಕೂಡಲೇ ಫೋನ್ ಮಾಡು. ಎಷ್ಟಕ್ಕೆ ನಿಂತಿತು ಎಂದು ನಾನು ಕೇಳುವುದಿಲ್ಲ. ಕೇಳಿದರೂ ಹೇಳಬೇಡ.

ನಿನ್ನ,
ಅಮ್ಮ