ಪಿಸುಗುಟ್ಟೋ ಗ್ಯಾಲರೀಲಿ ಪಿಸುಮಾತಿಗೇ ಜಾಗ ಇಲ್ಲ

ಸಂಪಾದಕರಿಗೆ ನಮಸ್ಕಾರ,

ಹೋದ ಡಿಸೆಂಬರ್‌ನಲ್ಲಿ ಹೆಂಡ್ತಿ, ಮಗಳನ್ನ ಕರ್ಕೊಂಡು ವಿಜಯಪುರಕ್ಕೆ ಹೋಗಿದ್ದೆ, ಗೋಳಗುಮ್ಮಟ ತೋರ್ಸೋಣ ಅಂತ. ನಾನು ಮೊದಲು ನೋಡಿದ್ದು 1996ರಲ್ಲಿ, ಹೈಸ್ಕೂಲ್ ಟ್ರಿಪ್‌ಗೆ ಹೋದಾಗ, ಆಗಿನ್ನೂ ಅದು ಬಿಜಾಪುರ. ಆವತ್ತು ನಮ್ಮ ಮೇಷ್ಟ್ರು ನಮ್ಮನ್ನೆಲ್ಲ ಗುಮ್ಮಟದ ಬುಡದಲ್ಲಿ ಒಳಗಡೆ ಸುತ್ತಲೂ ಇರೋ ಪಿಸುಗುಟ್ಟೋ ಗ್ಯಾಲರಿಯ ಒಂದು ಬದೀಲಿ ಗೋಡೆಗೆ ಕಿವಿ ಕೊಟ್ಟು ಕೂರ್ಸಿ, ತಾವು ಸುತ್ತು ಹಾಕ್ಕೊಂಡು ಎದುರು ಬದಿಗೆ ಹೋಗಿ ಬೆಂಕಿಕಡ್ಡಿ ಗೀರಿದ್ರು. ಬೆಂಕಿ ಕಂಡಿದ್ದು ಅಲ್ಲೆಲ್ಲೋ ಚುಕ್ಕಿ ಥರ, ಚರ್ ಅನ್ನೋ ಸದ್ದು ಮಾತ್ರ ನನ್ನ ಕಿವಿ ಬುಡದಲ್ಲೇ! ಅದನ್ನ ಮಗಳಿಗೆ ಎಷ್ಟು ಸಲ ಹೇಳಿದ್ನೋ ಏನೋ.

ಈ ಸಲ ಹೋಗಿದ್ದು ಭಾನುವಾರ, ಮೇಲಾಗಿ ಶಾಲಾ ಪ್ರವಾಸದ ಸೀಸನ್ನು. ನಾಲ್ಕು ಮೂಲೇಲಿರೋ ಏಳಂತಸ್ತಿನ ಗೋಪುರಗಳಲ್ಲಿ ಒಂದರ ಒಳಗಿಂದ ಹತ್ತಬೇಕು, ಮೆಟ್ಲು ಇಕ್ಕಟ್ಟು, ಎತ್ತರ ಬೇರೆ, ಮಂಡಿ ನೋವಿರೋರು ನಿಧಾನಕ್ಕೆ ಹತ್ತೋದು ಒಳ್ಳೇದು. ಅರ್ಧಕ್ಕೆ ಬರೋವಾಗ್ಲೇ ಮೇಲಿಂದ ಒಂಥರಾ ಹುಯಿಲು ಕೇಳ್ತಿತ್ತು, ಒಳಗೆ ಕಾಲಿಟ್ರೆ ಮಗಳು ಎರಡೂ ಕಿವಿ ಮುಚ್ಕೊಂಡ್ಳು. ನೂರಾರು ಮಕ್ಕಳು, ಅವರ ಜೊತೆ ದೊಡ್ಡೋರೂ, ಓ ಅಂತ ಕಿರುಚೋದು, ಸಿಳ್ಳೆ ಹೊಡಿಯೋದು. ಒಂದು ಸದ್ದು ಏಳರಿಂದ ಹತ್ತು ಸಲ ಮರುಕಳಿಸೋ ಜಾಗ ಅದು, ಅಂದ್ರೆ ಐವತ್ತು ಜನ ಕೂಗಿದ್ರೆ ಐನೂರು ಜನ ಕೂಗಿದ ಲೆಕ್ಕ. ನಾನು ಎದುರು ಬದಿಗೆ ಹೋಗಿ ಮಗಳ ಹೆಸರನ್ನ ಜೋರಾಗೇ ಕರೆದೆ, ಅವಳಿಗೆ ಕೇಳಿಸ್ಲೇ ಇಲ್ಲ. ಪಿಸುಗುಟ್ಟೋದೆಲ್ಲಿಂದ ಬಂತು.

ಮಕ್ಕಳನ್ನ ಬೈಯೋಕೆ ಬರ್ದಿದ್ದಲ್ಲ ಇದು. ಪ್ರತಿಧ್ವನಿ ಕೇಳಿಸುತ್ತೆ ಅಂತ ಹೇಳಿ ಕರ್ಕೊಂಡು ಹೋದ್ರೆ ಮಕ್ಕಳು ಕೂಗದೆ ಇನ್ನೇನ್ ಮಾಡ್ತಾರೆ? ಆದ್ರೆ ಅಲ್ಲಿರೋದು ಎರಡು ವಿಸ್ಮಯ, ಒಂದು ಪ್ರತಿಧ್ವನಿ, ಇನ್ನೊಂದು ಗೋಡೆಯ ಬಾಗಿನ ಗುಂಟ ಹರಿದು ಹೋಗಿ ಸುಮಾರು 38 ಮೀಟರ್ ಆಚೆ ಕೇಳಿಸೋ ಪಿಸುಮಾತು, ಮೊದಲನೇದು ಎರಡನೇದನ್ನ ನುಂಗಿ ಹಾಕ್ತಿದೆ. ಇನ್ನೊಂದು ವಿಷ್ಯ, ಅದು ಸಮಾಧಿ ಕಣ್ರೀ. 1656ರಲ್ಲಿ ತೀರಿಕೊಂಡ ಬಿಜಾಪುರದ ಸುಲ್ತಾನ ಮುಹಮ್ಮದ್ ಆದಿಲ್ ಶಾ, ಅವನ ಹೆಂಡ್ತೀರು, ಮಗಳು, ಮೊಮ್ಮಗ, ನರ್ತಕಿ ರಂಭಾ ಎಲ್ಲಾ ಮಲಗಿರೋ ಜಾಗ. ನಮ್ಮೋರ ಸಮಾಧಿ ಮುಂದೆ ನಾವು ಸಿಳ್ಳೆ ಹೊಡೀತೀವಾ?

ಮುಖ ಸಪ್ಪೆ ಮಾಡ್ಕೊಂಡು ಹೊರಗೆ ಬಂದಾಗ ಶೇಂಗಾ ಮಾರ್ತಿದ್ದ ಅಜ್ಜ ಒಬ್ರು, "ನಸುಕಿನ್ಯಾಗ ಬರ್ರಿ ಸರ, ಆವಾಗ ಗುಮ್ಮಟ ಮಾತಾಡ್ತೈತಿ, ಈಗೇನ ಬರೇ ಮಂದಿ ಚೀರೂದು" ಅಂದ್ರು. ಮಾರನೇ ದಿನ ಗೇಟ್ ತೆಗಿಯೋ ಹೊತ್ತಿಗೇ ಹೋದ್ವಿ. ಮೇಲೆ ನಾವು ಮೂರು ಜನ, ಪಾರಿವಾಳ, ಅಷ್ಟೆ. ಎದುರು ಗೋಡೆ ಹತ್ರ ಮಗಳು ಬಾಯಿ ಅಲ್ಲಾಡಿಸಿದ್ದೂ ಸರಿಯಾಗಿ ಕಾಣ್ಲಿಲ್ಲ, ನನ್ನ ಕಿವೀಲಿ ಮಾತ್ರ "ಅಪ್ಪ, ಹಸಿವಾಗ್ತಿದೆ, ಇಡ್ಲಿ ಕೊಡ್ಸು" ಅಂತ ಸ್ಪಷ್ಟವಾಗಿ ಕೇಳಿಸ್ತು.

ಗ್ಯಾಲರಿಯಿಂದ ಹೊರಗೆ ಗುಮ್ಮಟದ ಬುಡದ ಸುತ್ತ ಇರೋ ತಾರಸಿ ಬಗ್ಗೆನೂ ಹೇಳ್ಬೇಕು. ಜನ ಅಲ್ಲಿಗೆ ಬರೋದೇ ಸೆಲ್ಫಿಗೆ, ಇಲ್ಲಾ ಗೋಡೆ ಮೇಲೆ ಹೆಸರು ಕೆತ್ತೋಕೆ. ನೆಲದಿಂದ ನೂರಕ್ಕೂ ಹೆಚ್ಚು ಅಡಿ ಎತ್ತರ, ಬೆಳಗ್ಗೆ ಸೂರ್ಯ ಬೆನ್ನ ಹಿಂದೆ ಇರ್ತಾನೆ, ಪಶ್ಚಿಮಕ್ಕೆ ಮುಖ ಮಾಡಿ ನಿಂತ್ರೆ ಇಡೀ ಊರು ಹರಡ್ಕೊಂಡಿದೆ. ಊರಿನ ಆ ತುದೀಲಿ ಇಬ್ರಾಹಿಂ ರೋಜಾ, ಅದು ಮುಹಮ್ಮದನ ಅಪ್ಪನ ಸಮಾಧಿ. ಮಧ್ಯದಲ್ಲಿ ಬಾರಾ ಕಮಾನ್, ಮಗ ಎರಡನೇ ಅಲಿ ಆದಿಲ್ ಶಾ ತನ್ನ ಸಮಾಧಿಗೆ ಅಂತ ಶುರು ಮಾಡಿ ಬರೀ ಕಮಾನುಗಳಲ್ಲೇ ನಿಂತುಹೋಗಿದ್ದು. ನಾವು ನಿಂತಿರೋದು ನಡುವಿನವನ ತಲೆ ಮೇಲೆ. ಮೂರು ತಲೆಮಾರು ಒಂದೇ ದಿಕ್ಕಿಗೆ ಸಿಗುತ್ತೆ, ಆದ್ರೆ ಯಾವುದು ಎಲ್ಲಿದೆ ಅಂತ ನನಗೇ ಮೊಬೈಲ್ ಮ್ಯಾಪ್ ತೆಗೆದು ಹುಡುಕ್ಬೇಕಾಯ್ತು. ಒಂದು ಬಾಣದ ಗುರುತಿನ ಫಲಕ ಹಾಕಿದ್ರೆ ಎಷ್ಟು ಖರ್ಚಾದೀತು?

ನಿರ್ವಹಣೆ ನೋಡ್ಕೊಳ್ಳೋರಲ್ಲಿ ನನ್ನ ವಿನಂತಿ ಇಷ್ಟೆ, ಗಂಟೆಗೆ ಹತ್ತು ನಿಮಿಷ ಗ್ಯಾಲರೀನ ಪಿಸುಮಾತಿಗೆ ಅಂತ ಬಿಡಿ, ಉಳಿದ ಐವತ್ತು ನಿಮಿಷ ಬೇಕಾದ್ರೆ ಕೂಗ್ಲಿ. ಮಕ್ಕಳನ್ನ ಕರ್ಕೊಂಡು ಬರೋ ಮೇಷ್ಟ್ರುಗಳಿಗೂ ಒಂದು ಮಾತು: ಅರ್ಧ ಮಕ್ಕಳನ್ನ ತಾರಸೀಲಿ ನಿಲ್ಸಿ ಊರು ತೋರ್ಸಿ, ಉಳಿದ ಅರ್ಧ ಒಳಗೆ ಹೋಗ್ಲಿ, ಆಮೇಲೆ ಅದಲು ಬದಲು ಮಾಡಿ. ಜೇಬಲ್ಲಿ ಒಂದು ಹಾಳೆ ಇಟ್ಕೊಂಡಿರಿ, ಬೆಂಕಿಪೊಟ್ಣ ಈಗ ಬೇಡ, ಆ ಹಾಳೆ ಹರಿದ್ರೂ ಸಾಕು, ಎದುರಿನ ಮಕ್ಕಳಿಗೆ ಕೇಳಿಸುತ್ತೆ.

ಇಂತಿ,
ಒಬ್ಬ ಓದುಗ, ದಾವಣಗೆರೆ